ಎಕೋರ್ಸ್ ರೇಡಿಯೇಟರ್

ಸಿಟ್ಟು ಬಂದರೆ ಕಾಜಿಮಿರ್ ಮರೂಶಾಕ್ ಕೂಗಾಡುವವನಲ್ಲ, ತಮಾಷೆ ಮಾಡುವವನು. ಇಂಜಿನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಮೇಸ್ತ್ರಿಗಳು ಕೂಡ ಅವನ ನಾಲಗೆಗೆ ಸಿಕ್ಕಿಬೀಳದಂತೆ ಹುಷಾರಾಗಿರುತ್ತಿದ್ದರು. ಬೆಳಿಗ್ಗೆ ಅವನು ಯಾರ ಮೇಲಾದರೂ ಒಂದು ಮಾತು ಬಿಟ್ಟರೆ ಊಟದ ಗಂಟೆ ಹೊಡೆಯುವಷ್ಟರಲ್ಲಿ ಅದು ಷೆಡ್ಡಿನ ಆಚೆ ತುದಿ ಮುಟ್ಟಿರುತ್ತಿತ್ತು. ಆ ಮಾತು ಯಾರಿಗೆ ಅಂಟಿತೋ ಅವನು ನಿವೃತ್ತಿಯಾಗುವವರೆಗೂ ಅದನ್ನು ಹೊತ್ತು ತಿರುಗಬೇಕು. ಎಲ್ಲರೂ ಕಾಜ್ ಎಂದು ಕರೆಯುತ್ತಿದ್ದ ಕಾಜಿಮಿರ್ ಇದನ್ನೊಂದು ಕಲೆ ಎಂದೇ ತಿಳಿದಿದ್ದ. ಹೆಂಡತಿ ಬರ್ನಿಸ್ ಮಾತ್ರ, "ನಿನ್ನ ಬಾಯಿಗೊಂದು ಮುಚ್ಚಳ ಮಾಡಿಸ್ಬೇಕು" ಎನ್ನುತ್ತಿದ್ದಳು.

ಊರು ವಯಾಂಡಾಟ್. ಡೆಟ್ರಾಯಿಟ್‌ನಿಂದ ನದಿಗುಂಟ ಕೆಳಗೆ ಬಂದರೆ ಸಿಗುವ ಕಾರ್ಮಿಕರ ಊರು. ಅದಕ್ಕೆ ತಾಗಿದಂತೆ ಉತ್ತರಕ್ಕೆ ಎಕೋರ್ಸ್. ಕಾಜ್ ಹುಡುಗನಾಗಿದ್ದಾಗ ವಯಾಂಡಾಟ್‌ನಲ್ಲಿ ಬಿಳಿಯರು ಮಾತ್ರ ಇದ್ದರು, ಎಕೋರ್ಸ್‌ನಲ್ಲಿ ಕಪ್ಪು ಜನ ಬಹಳ. ಎರಡರ ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಒಂದು ರಸ್ತೆ ಅಷ್ಟೆ. ಆದರೂ ಸಂಜೆಯಾದ ಮೇಲೆ ಯಾರು ಯಾವ ಕಡೆ ಇರಬೇಕೆಂಬುದನ್ನು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಾಲ ಬದಲಾಯಿತು, ಆ ಕಟ್ಟುಪಾಡೂ ಹೋಯಿತು. ಕಾಜ್‌ನ ವಯಸ್ಸಿನವರ ತಲೆಯೊಳಗಿನ ರಸ್ತೆ ಮಾತ್ರ ಹಾಗೇ ಉಳಿದಿತ್ತು.

ಶಾಲೆ ಮುಗಿದ ಬೇಸಿಗೆಯಲ್ಲೇ ಕಾಜ್ ಕಾರ್ಖಾನೆ ಸೇರಿದ. ಚಲಿಸುವ ಸಾಲಿನ ಮೇಲೆ ಇಂಜಿನ್ನಿನ ಕೆಳಭಾಗ ಬರುತ್ತಿತ್ತು. ಅದರ ಮೇಲೆ ಹೆಡ್ ಗ್ಯಾಸ್ಕೆಟ್ ಇಡುವುದು ಇವನ ಕೆಲಸ. ತೆಳ್ಳನೆಯ ತಗಡಿನಂಥ ವಸ್ತು, ಅದರ ತುಂಬ ತೂತುಗಳು. ಕೆಲವು ಎಣ್ಣೆಗೆ, ಕೆಲವು ನೀರಿಗೆ. ಅದರ ಒಂದು ತುದಿಯಲ್ಲಿ 'ಮುಂಭಾಗ' ಎಂದು ಅಚ್ಚೊತ್ತಿರುತ್ತದೆ. ಆ ತುದಿ ಇಂಜಿನ್ನಿನ ಮುಂದಕ್ಕೇ ಬರಬೇಕು. ಇವನು ಇಟ್ಟ ಗ್ಯಾಸ್ಕೆಟ್‌ನ ಮೇಲೆ ಇಂಜಿನ್ನಿನ ಮುಚ್ಚಳದಂಥ ಭಾರದ ಹೆಡ್ಡನ್ನು ಇಳಿಸುವವನು ಪಕ್ಕದ ಜಾಗದ ಆರ್ಟಿಸ್ ಪೆಟ್ಟಿಫೋರ್ಡ್. ಎಕೋರ್ಸ್‌ನವನು, ಕಪ್ಪು ಜನದವನು, ಎತ್ತರದ ಆಳು, ಮಾತು ಕಡಿಮೆ. ವರ್ಷಗಟ್ಟಲೆ ಇಬ್ಬರೂ ಅಕ್ಕಪಕ್ಕದಲ್ಲಿ ನಿಂತು ದುಡಿದರು. ಒಂದೇ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿಂದರು, ಬೇಸ್‌ಬಾಲ್ ಬಗ್ಗೆ ಜಗಳವಾಡಿದರು. ಆಮೇಲೆ ಆರ್ಟಿಸ್ ಕಾರ್ಖಾನೆ ಬಿಟ್ಟು, ಮಾವನ ರೇಡಿಯೇಟರ್ ರಿಪೇರಿ ಅಂಗಡಿ ನೋಡಿಕೊಳ್ಳತೊಡಗಿದ. ಕಾಜ್ ಪಿಂಚಣಿಯವರೆಗೂ ಅಲ್ಲೇ ಉಳಿದ.

ನಿವೃತ್ತಿಯಾದ ಮೇಲೆ ಕಾಜ್‌ಗೆ ಹುಚ್ಚು ಹಿಡಿದದ್ದು ಒಂದು ಕಾರಿನದು. ಮನ್ರೋ ಊರಿನ ಕಡೆಯ ಒಂದು ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಹಿಂದೆ ಇಲಿಗಳಿಗೆ ಮನೆಯಾಗಿ ಬಿದ್ದಿದ್ದ ಅರವತ್ತೊಂಬತ್ತನೆಯ ಇಸವಿಯ ಟೊರಿನೊ. ಉದ್ದನೆಯ ಮೂತಿ, ಹಿಂದಕ್ಕೆ ಜಾರಿದ ಬೆನ್ನು, ಒಳಗೆ ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕರಂತೆ ಎಂಟು ಸಿಲಿಂಡರಿನ ಇಂಜಿನ್. ಒಂದು ಕಾಲದಲ್ಲಿ ಅವನದೇ ಸಾಲಿನಿಂದ ಇಳಿದುಹೋದ ಜಾತಿಯ ಇಂಜಿನ್. ಅದನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ ಮೇಲೆ ಬರ್ನಿಸ್‌ಳ ಕಾರು ಹಿಮದಲ್ಲೇ ಚಳಿಗಾಲಗಳನ್ನು ಕಳೆಯಿತು. ಕಾಜ್ ಕಾರಿನ ಒಂದೊಂದು ತಿರುಪನ್ನೂ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಇಂಜಿನ್ನನ್ನು ತಾನೇ ಕಟ್ಟಿದ. ಸೋರುತ್ತಿದ್ದ ಹಿತ್ತಾಳೆಯ ಹಳೆ ರೇಡಿಯೇಟರನ್ನು ಮಾತ್ರ ಎಕೋರ್ಸ್‌ಗೆ ಒಯ್ದು ಆರ್ಟಿಸ್‌ಗೆ ಕೊಟ್ಟ. ಆರ್ಟಿಸ್ ಒಳಗಿನ ಕೊಳವೆಗಳನ್ನೆಲ್ಲ ಹೊಸದು ಹಾಕಿ, ಬೆಸೆದು, ಕಪ್ಪು ಬಣ್ಣ ಬಳಿದು, ಮೊದಲ ದಿನ ಹೇಗಿತ್ತೋ ಹಾಗೆ ಮಾಡಿಕೊಟ್ಟ. "ಜೂನ್‌ನಲ್ಲಿ ಫೋರ್ಟ್ ಸ್ಟ್ರೀಟಿಗೆ ತರ್ತೀಯಲ್ಲ? ನೋಡೋಕೆ ಬರ್ತೀನಿ" ಎಂದ.

ಜೂನ್ ತಿಂಗಳ ಆ ಶನಿವಾರ ಫೋರ್ಟ್ ಸ್ಟ್ರೀಟಿನಲ್ಲಿ ಹಳೆ ಕಾರುಗಳ ಮೆರವಣಿಗೆ. ರಸ್ತೆಯ ಎರಡೂ ಬದಿಗೆ ಜನ ಮಡಚುವ ಕುರ್ಚಿ ಹಾಕಿಕೊಂಡು, ತಂಪು ಡಬ್ಬಿಗಳನ್ನು ಕಾಲಬಳಿ ಇಟ್ಟುಕೊಂಡು ಕೂತಿದ್ದರು. ಬಿಸಿಲು ಕೆಂಡದಂತಿತ್ತು. ಕಾರುಗಳು ಆಮೆಯಂತೆ ತೆವಳುತ್ತಿದ್ದವು. ಕಾಜ್‌ನ ಟೊರಿನೊ ಮಿರಮಿರ ಮಿಂಚುವ ಹಸಿರು. ಅದು ಕಂಡಲ್ಲೆಲ್ಲ ಶಿಳ್ಳೆ ಬೀಳುತ್ತಿತ್ತು. ಕಾಜ್ ಕಿಟಕಿಯಿಂದ ಮೊಣಕೈ ಹೊರಗಿಟ್ಟು ರಾಜನಂತೆ ಕೂತಿದ್ದ. ಮುಂದಿನ ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ನೋಡುತ್ತಿದ್ದಂತೆ ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಕೆಳಗೆ ರೇಡಿಯೇಟರಿನ ಹಸಿರು ನೀರು ಬುಸಬುಸ ಸುರಿಯಿತು. ಕಾರನ್ನು ಪಕ್ಕಕ್ಕೆ ತಳ್ಳಬೇಕಾಯಿತು. ತಳ್ಳಿದವರಲ್ಲಿ ಇಬ್ಬರು ಅವನ ಬೆಳಗಿನ ಕಾಫಿಯ ಮೇಜಿನ ಗೆಳೆಯರು: ಅವನೊಂದಿಗೆ ಕಾರ್ಖಾನೆಯಲ್ಲಿ ದುಡಿದಿದ್ದ ಸ್ಟಾಶ್, ಮತ್ತು ಟೇಲರ್ ಊರಿನ ಲಾರಿ ಚಾಲಕ ಡುವೇನ್.

"ಏನ್ ಕಾಜ್, ಮುಸುಕಿನ ಜೋಳ ಬೇಯಿಸ್ತಿದ್ದೀಯಾ?" ಎಂದು ಡುವೇನ್ ಎಲ್ಲರಿಗೂ ಕೇಳುವಂತೆ ಕೂಗಿದ. "ಬೆಣ್ಣೆ ತರ್ಲಾ?"

ಸುತ್ತ ನಿಂತವರು ಘೊಳ್ಳೆಂದು ನಕ್ಕರು. ಕಾಜ್‌ನ ಕಿವಿ ಬಿಸಿಯಾಯಿತು. ಜೀವಮಾನವೆಲ್ಲ ನಗಿಸಿದವನು, ನಗೆಗೆ ಸಿಕ್ಕಿ ಗೊತ್ತಿಲ್ಲದವನು. ಆಗ ಅವನ ಬಾಯಿಂದ ಆ ಮಾತು ಬಂತು. ಯೋಚಿಸಿ ಆಡಿದ್ದಲ್ಲ. ಯಾವಾಗಲೂ ಬರುವಂತೆ ತಾನಾಗಿಯೇ ಬಂತು.

"ಇಂಜಿನ್ ನಂದು ಕಣಯ್ಯಾ, ರೇಡಿಯೇಟರ್ ಎಕೋರ್ಸ್‌ದು! ಬೆಸುಗೆ ಹಾಕ್ತಾ ಹಾಕ್ತಾ ನಿದ್ದೆ ಹೊಡೆದಿರ್ಬೇಕು."

ಈ ಸಲದ ನಗು ಮೊದಲಿನದಕ್ಕಿಂತ ಜೋರಾಗಿತ್ತು, ಮತ್ತು ಅದು ಬೇರೆ ಥರದ ನಗು. ಎಕೋರ್ಸ್ ಎಂದರೆ ಯಾರು, ಕಪ್ಪು ಜನ ಸೋಮಾರಿಗಳೆಂಬ ಹಳೆ ಹೀಯಾಳಿಕೆಗೂ ಆ ನಿದ್ದೆಗೂ ಏನು ನಂಟು ಎಂದು ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಜ್‌ಗೆ ಎದೆ ಹಗುರಾಯಿತು. ತಾನೂ ನಗುತ್ತ ತಿರುಗಿದ. ಎರಡು ಮಾರು ದೂರದಲ್ಲಿ ಆರ್ಟಿಸ್ ನಿಂತಿದ್ದ, ಕೈಯಲ್ಲೊಂದು ನೀರಿನ ಕ್ಯಾನು. ಹಬೆ ಕಂಡು ರಸ್ತೆಯ ಆಚೆ ಬದಿಯಿಂದ, ಹೆಂಡತಿಯನ್ನು ಕುರ್ಚಿಯಲ್ಲಿ ಬಿಟ್ಟು, ನೀರು ಹಿಡಿದುಕೊಂಡು ಓಡಿಬಂದಿದ್ದ. ಕ್ಯಾನನ್ನು ಕಾಜ್‌ನ ಕಾಲ ಹತ್ತಿರ, ಚೆಲ್ಲದಂತೆ ಮೆಲ್ಲಗೆ ಇಟ್ಟ. ಹೋಗಿ ಎರಡೂ ಕುರ್ಚಿ ಮಡಚಿ, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ಕಾಜ್ ಮನೆ ಮುಟ್ಟಿದ್ದು ಆ ನೀರು ಹಾಕಿಕೊಂಡೇ.

ಸೋಮವಾರ ಆರ್ಟಿಸ್ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ರೇಡಿಯೇಟರ್ ಬಿಚ್ಚಿ ತಗೊಂಡ್ಬಾ. ನಿನ್ನೆದುರಿಗೇ ನೀರು ಬಿಟ್ಟು ತೋರಿಸ್ತೀನಿ. ಒಳಗೆಲ್ಲಾದ್ರೂ ಕಟ್ಟಿಕೊಂಡಿದ್ರೆ ಇನ್ನೊಂದು ಮಾಡ್ಕೊಡ್ತೀನಿ."

"ಆಯ್ತು, ನೋಡೋಣ" ಎಂದು ಕಾಜ್ ಫೋನಿಟ್ಟ. ಹೋಗಲಿಲ್ಲ. ಆರ್ಟಿಸ್‌ನ ಮುಖ ನೋಡುವುದಕ್ಕಿಂತ ಹೊಸದೊಂದು ಅಲ್ಯೂಮಿನಿಯಮ್ ರೇಡಿಯೇಟರ್ ಕೊಳ್ಳುವುದು ಸುಲಭ ಅನ್ನಿಸಿತು. ಕೊಂಡ. ಹಳೆಯದನ್ನು ಗ್ಯಾರೇಜಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿದ.

ಹೊಸದು ಹಾಕಿ ಹೊರಗೆ ತೆಗೆದ ಮೊದಲ ದಿನವೇ ಮುಳ್ಳು ಮತ್ತೆ ಕೆಂಪಿಗೆ ಹೋಯಿತು.

ಕಾಫಿಯ ಮೇಜಿನಲ್ಲಿ ಕಾಜ್ ಎಲ್ಲರಿಗೂ ಹೇಳಿಕೊಡುತ್ತಿದ್ದ ಒಂದು ಸೂತ್ರವಿತ್ತು. ನಿಧಾನಕ್ಕೆ ಹೋಗುವಾಗ ಇಂಜಿನ್ ಕಾದರೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ನೋಡು. ಜೋರಾಗಿ ಓಡುವಾಗ ಕಾದರೆ ನೀರು ಸಾಗುತ್ತಿಲ್ಲ, ಪಂಪು, ಕೊಳವೆ ನೋಡು. ಈ ಕಾರು ಊರೊಳಗೂ ಕಾಯುತ್ತಿತ್ತು, ಹೆದ್ದಾರಿಯಲ್ಲೂ ಕಾಯುತ್ತಿತ್ತು. ಕಾಜ್ ನೀರಿನ ದಾರಿಗೆ ಬಾಗಿಲಿನಂತಿರುವ ಥರ್ಮೊಸ್ಟಾಟ್ ತೆಗೆದು, ಬರ್ನಿಸ್‌ಳ ಸೂಪಿನ ಪಾತ್ರೆಯಲ್ಲಿ ಕುದಿಸಿ, ಸರಿಯಾದ ಬಿಸಿಗೆ ಬಾಯಿ ತೆರೆಯುತ್ತದೆಯೇ ನೋಡಿದ. ತೆರೆಯಿತು. ಫ್ಯಾನಿನ ಸುತ್ತ ಗಾಳಿ ಸೋರದಂತೆ ಕವಚ ಸರಿಪಡಿಸಿದ. ಕಿಡಿ ತಡವಾಗಿ ಹೊತ್ತುತ್ತಿದೆಯೇನೋ ಎಂದು ಅದರ ಸಮಯ ತಿದ್ದಿದ. ಓಡುವಾಗ ಕೆಳಗಿನ ಕೊಳವೆ ಹೀರಿಕೊಂಡು ಚಪ್ಪಟೆಯಾಗುತ್ತಿರಬಹುದೆಂದು ಅದರೊಳಗೆ ಸ್ಪ್ರಿಂಗ್ ಹಾಕಿದ. ನೀರಿನ ಪಂಪನ್ನೇ ಬದಲಾಯಿಸಿದ. ಒಂದೊಂದು ಸಲವೂ "ಇದೇ ಇರ್ಬೇಕು" ಎಂದು ಹೊರಟವನು ಹಬೆಯಾಡಿಸಿಕೊಂಡು ವಾಪಸು ಬರುತ್ತಿದ್ದ.

ಅಷ್ಟರಲ್ಲಿ ಅವನ ಮಾತು ಅವನಿಗಿಂತ ಮುಂದೆ ಹೋಗಿತ್ತು. ಕಾಫಿ ಅಂಗಡಿಯಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟರೆ, "ಎಕೋರ್ಸ್ ರೇಡಿಯೇಟರ್ ಹಾಕಿಸಿದ್ಯಾ?" ಬಡಿಸುವವಳು ತಣ್ಣಗಿನ ಕಾಫಿ ತಂದರೆ, ಅದಕ್ಕೂ ಅದೇ ಮಾತು. ಪ್ರತಿ ಸಲ ಹೇಳಿದವರು ಕಾಜ್‌ನ ಕಡೆ ಗೌರವದಿಂದ ನೋಡುತ್ತಿದ್ದರು. ಕಾಜ್ ನಗುತ್ತಿದ್ದ. ಕಾರು ಇನ್ನೂ ಕಾಯುತ್ತಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಾಕಾರದ ಉಪಕರಣ ತಂದು, ಓಡುತ್ತಿರುವ ಇಂಜಿನ್ನಿನ ಮೈಮೇಲೆಲ್ಲ ಹಿಡಿದು ನೋಡಿದ. ಬಲಗಡೆಯ ಸಿಲಿಂಡರ್ ಸಾಲು ಉದ್ದಕ್ಕೂ ಒಂದೇ ಸಮ ಇತ್ತು. ಎಡಗಡೆಯದು ಮುಂದೆ ಸರಿಯಾಗಿದ್ದು ಹಿಂದಕ್ಕೆ ಹೋದಂತೆಲ್ಲ ಅಂಕಿ ಏರುತ್ತಿತ್ತು, ಕೊನೆಯ ಸಿಲಿಂಡರಿನ ಹತ್ತಿರ ಬೆಂಕಿಯಂಥ ಬಿಸಿ. ಮತ್ತೆ ಹಿಡಿದ, ಮತ್ತೆ ಅದೇ. ಕಾಜ್ ಇಂಜಿನ್ ಆರಿಸಿ ಸ್ಟೂಲಿನ ಮೇಲೆ ಕೂತ. ಎಡಗಡೆಯ ಹಿಂಭಾಗಕ್ಕೆ ನೀರು ಹೋಗುತ್ತಿಲ್ಲ. ಯಾಕೆ ಹೋಗುತ್ತಿಲ್ಲ ಎಂಬುದಕ್ಕೆ ಕಾರಣ ಒಂದೇ ಇರಲು ಸಾಧ್ಯ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಹೆಚ್ಚಿಲ್ಲ. ಗೊತ್ತಿದ್ದೂ ಎರಡು ದಿನ ಗ್ಯಾರೇಜಿನ ಕಡೆ ಹೋಗಲಿಲ್ಲ. ಟೊಮೇಟೊ ಗಿಡಗಳಿಗೆ ಕಡ್ಡಿ ಕಟ್ಟುತ್ತ ಕೂತ.

ಆಮೇಲೆ ಎಡಗಡೆಯ ಹೆಡ್ ಬಿಚ್ಚಿದ. ಗ್ಯಾಸ್ಕೆಟ್ ತಿರುಗುಮುರುಗಾಗಿ ಕೂತಿತ್ತು. 'ಮುಂಭಾಗ' ಎಂಬ ಅಕ್ಷರ ಇಂಜಿನ್ನಿನ ಹಿಂಬದಿಯಲ್ಲಿ. ನೀರು ಮೇಲೇರಬೇಕಾದ ಹಿಂದಿನ ದೊಡ್ಡ ತೂತುಗಳನ್ನು ಅದು ಮುಚ್ಚಿಹಿಡಿದಿತ್ತು. ಮುಚ್ಚಿದ ಜಾಗದಲ್ಲಿ ತೂತಿನ ಆಕಾರದಷ್ಟೇ ಅಗಲಕ್ಕೆ ತುಕ್ಕಿನ ಬಣ್ಣದ ಕಲೆ ಮೂಡಿತ್ತು, ಮೊಹರು ಒತ್ತಿದ ಹಾಗೆ.

ಆ ದಿನ ಅವನಿಗೆ ನೆನಪಾಯಿತು. ಹೆಡ್ ಕೂರಿಸುವ ದಿನ ಸ್ಟಾಶ್ ಮತ್ತು ಡುವೇನ್ ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತು ಬಿಯರ್ ಕುಡಿಯುತ್ತಿದ್ದರು. ಕಾಜ್ ಅವರಿಗೆ ಆಟ ತೋರಿಸಿದ್ದ. "ಇದನ್ನ ಕಣ್ಣು ಮುಚ್ಕೊಂಡು ಇಡ್ತೀನಿ ನೋಡ್ರೋ" ಎಂದು ನಿಜವಾಗಿಯೂ ಕಣ್ಣು ಮುಚ್ಚಿ ಇಟ್ಟಿದ್ದ. ಅವರು ಚಪ್ಪಾಳೆ ಹೊಡೆದಿದ್ದರು.

ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ, ಆದರೂ ಕಾಜ್ ಆ ಗ್ಯಾಸ್ಕೆಟ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುವವನಂತೆ ಎದೆಗೆ ಒತ್ತಿ ಹಿಡಿದು ಎದ್ದುಹೋಗಿ ಬಾಗಿಲು ಎಳೆದ. ಆ ವಾರ ಹೊಸ ಗ್ಯಾಸ್ಕೆಟ್ ಹಾಕಿದ. ಅಕ್ಷರವನ್ನು ಮೂರು ಮೂರು ಸಲ ನೋಡಿ, ಬೆರಳಿನಿಂದ ಸವರಿ ಇಟ್ಟ. ಕಾರು ಹೆದ್ದಾರಿಯಲ್ಲಿ ಟೊಲಿಡೊವರೆಗೆ ಹೋಗಿಬಂದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಡುವೇನ್ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. "ಅಬ್ಬಾ, ತಣ್ಣಗಿದೆ! ಹೊಸ ರೇಡಿಯೇಟರ್ ಹಾಕಿದ್ದೇ ಹಾಕಿದ್ದು, ರೋಗ ವಾಸಿ ಆಯ್ತು ನೋಡು."

ಕಾಜ್ ಹೌದೆನ್ನುವಂತೆ ತಲೆಯಾಡಿಸಿದ. ಒಂದು ಮಾತೂ ಆಡಲಿಲ್ಲ, ತಲೆ ಆಡಿಸಿದ ಅಷ್ಟೆ. ಆಮೇಲೆ ಎದುರಿಗೆ ಬಂದ ಮೊಟ್ಟೆ, ಸಾಸೇಜು ತಟ್ಟೆಯಲ್ಲೇ ಉಳಿದವು. ಸ್ಟಾಶ್ ಏನೋ ಕೇಳುತ್ತಿದ್ದ, ಇವನಿಗೆ ಕೇಳಿಸುತ್ತಿರಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದವನೇನಲ್ಲ ಕಾಜ್. ಆದರೆ ಬಾಯಿ ಬಿಡದೆಯೂ ಒಬ್ಬನ ಹೆಸರು ಕೆಡಿಸಬಹುದು ಎಂದು ಅವನಿಗೆ ತಿಳಿದದ್ದು ಅವತ್ತೇ.

ಮನೆಗೆ ಬಂದರೆ ಬರ್ನಿಸ್ ಅಡಿಗೆಮನೆಯ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಅದರ ಮೇಲೆ ಆ ಗ್ಯಾಸ್ಕೆಟ್ ಇಟ್ಟುಕೊಂಡು ಕೂತಿದ್ದಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಸೋಪಿನ ಡಬ್ಬದ ಹಿಂದೆ ಸಿಕ್ಕಿತ್ತು.

"ಇದ್ಯಾಕೆ ಅಲ್ಲಿತ್ತು? ಕಸದ ಬುಟ್ಟಿ ಇರ್ಲಿಲ್ವಾ?"

ಎಸೆಯುವುದಕ್ಕೂ ಕೈ ಬಂದಿರಲಿಲ್ಲ, ಇಟ್ಟುಕೊಳ್ಳುವುದಕ್ಕೂ ಧೈರ್ಯವಿರಲಿಲ್ಲ. ಕಾಜ್ ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿದ. ಕೇಳಿ ಮುಗಿದ ಮೇಲೆ, "ಆರ್ಟಿಸ್‌ಗೆ ಹೇಳಿದ್ಯಾ?" ಎಂದಳು.

"ಇಲ್ಲ."

"ಅವತ್ತು ಅವನ ಜೊತೆ ಹೆಂಡತಿ ಇದ್ಲು ಅಂದ್ಯಲ್ಲ. ಅವಳ ಹೆಸರೇನು?"

ಕಾಜ್ ಬಾಯಿ ತೆರೆದ. ಹೆಸರು ಬರಲಿಲ್ಲ. ಬರುವುದಕ್ಕೆ ಅದು ಯಾವತ್ತೂ ಅವನೊಳಗೆ ಹೋಗಿಯೇ ಇರಲಿಲ್ಲ. ಅಷ್ಟು ವರ್ಷ ಒಂದೇ ಬೆಂಚಿನ ಮೇಲೆ ಉಂಡವನ ಹೆಂಡತಿಯ ಹೆಸರು.

"ಅವನಿಗೆ ನನ್ನ ಹೆಸರು ಗೊತ್ತು" ಎಂದಳು ಬರ್ನಿಸ್. "ನನಗೆ ಆಪರೇಷನ್ ಆದಾಗ ಕಾರ್ಡ್ ಕಳಿಸಿದ್ದ. ನೀನೇ ತಂದುಕೊಟ್ಟಿದ್ದೆ." ಇಷ್ಟು ಹೇಳಿ ಅವಳು ಎದ್ದುಹೋಗಿ ಆಲೂಗಡ್ಡೆ ಸುಲಿಯತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಆರ್ಟಿಸ್‌ನ ಅಂಗಡಿ ರೈಲು ಹಳಿಯ ಆಚೆ, ಇಟ್ಟಿಗೆಯ ಒಂದು ಉದ್ದನೆಯ ಕೋಣೆ. ಕಾಜ್ ಒಳಗೆ ಹೋದಾಗ ಆರ್ಟಿಸ್ ನೀರಿನ ತೊಟ್ಟಿಯಲ್ಲಿ ಲಾರಿಯ ರೇಡಿಯೇಟರ್ ಮುಳುಗಿಸಿ, ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ. ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದ. ಹಿಂದೆ ಬಂದಾಗ ಗೋಡೆಯುದ್ದಕ್ಕೂ ನಂಬರ್ ಚೀಟಿ ಅಂಟಿಸಿದ ರೇಡಿಯೇಟರುಗಳು ಸಾಲಾಗಿ ನಿಂತಿರುತ್ತಿದ್ದವು. ಹಳೆ ಕಾರಿನವರವೇ ಹೆಚ್ಚು. ಈಗ ಆ ಗೋಡೆ ಬರಿದಾಗಿತ್ತು.

ಕಾಜ್ ಗ್ಯಾಸ್ಕೆಟ್ಟನ್ನು ಬೆಂಚಿನ ಮೇಲಿಟ್ಟ. "ನನ್ನದೇ ತಪ್ಪು. ತಿರುಗುಮುರುಗ ಇಟ್ಟಿದ್ದೆ. ನಿನ್ನ ರೇಡಿಯೇಟರಲ್ಲಿ ಏನೂ ಇರ್ಲಿಲ್ಲ."

ಆರ್ಟಿಸ್ ಕೈ ಒರೆಸಿಕೊಂಡು ಬಂದು ಅದನ್ನು ನೋಡಿದ. ಮುಟ್ಟಲಿಲ್ಲ.

"ಎಡಗಡೇದು" ಎಂದ.

"ಹೌದು. ಹೇಗೆ ಗೊತ್ತಾಯ್ತು?"

"ನಿಂಗೆ ಯಾವಾಗ್ಲೂ ಎಡಗಡೇದೇ ತಪ್ತಿದ್ದಿದ್ದು. ಆ ಕಡೆ ಇಡುವಾಗ ಅಕ್ಷರ ಕೆಳಮುಖ ಆಗುತ್ತಲ್ಲ." ಆರ್ಟಿಸ್‌ನ ದನಿ ಎಂದಿನಂತೆ ತಗ್ಗಿನಲ್ಲೇ ಇತ್ತು. "ಕಾರ್ಖಾನೇಲಿ ಆಗೊಮ್ಮೆ ಈಗೊಮ್ಮೆ ಹಂಗೆ ಬರೋದು. ಯಾರ ಜೊತೆಗಾದ್ರೂ ಮಾತಾಡ್ತಾ, ನಗಿಸ್ತಾ ಇದ್ದಾಗ. ನಾನು ತಿರುಗಿಸಿ ಇಟ್ಟು ಹೆಡ್ ಇಳಿಸ್ತಿದ್ದೆ."

ಕಾಜ್ ಗ್ಯಾಸ್ಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡ. "ಯಾವತ್ತೂ ಹೇಳ್ಲಿಲ್ವಲ್ಲೋ."

"ಹೇಳಿದ್ರೆ ನೀನು ನನ್ನ ಮೇಲೊಂದು ಜೋಕ್ ಕಟ್ತಿದ್ದೆ. ನಂಗೆ ಕೆಲಸ ಬೇಕಾಗಿತ್ತು ಕಾಜ್, ಅಡ್ಡಹೆಸರು ಬೇಕಾಗಿರ್ಲಿಲ್ಲ." ಕೈಯೊರೆಸಿದ ಬಟ್ಟೆಯನ್ನು ಮಡಚಿಡುತ್ತ ಅವನೇ ಮುಂದುವರಿದ. "ಫೋರ್ಟ್ ಸ್ಟ್ರೀಟಲ್ಲಿ ಹಬೆ ಎದ್ದಾಗ್ಲೇ ನಂಗೆ ಅನುಮಾನ ಬಂತು. ಅದಕ್ಕೇ ಫೋನ್ ಮಾಡಿದ್ದು. ರೇಡಿಯೇಟರ್ ಸರಿ ಇದೆ ಅಂತ ತೋರಿಸಿ, ಮೆಲ್ಲಗೆ ಹೇಳೋಣ ಅಂತ. ಯಾರಿಗೂ ಗೊತ್ತಾಗ್ದಂಗೆ."

"ಕ್ಷಮಿಸು ಆರ್ಟಿಸ್."

"ಇಲ್ಲಿ ಬಂದು ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ನಂಗೆ ಗೊತ್ತಿರೋದನ್ನೇ ನಂಗೆ ಹೇಳ್ತಿದ್ದೀಯ. ಆ ಮಾತು ಆಡಿದ್ದು ನಡುಬೀದೀಲಿ." ಅವನು ಮತ್ತೆ ತೊಟ್ಟಿಯ ಕಡೆ ತಿರುಗಿದ. "ನನ್ನ ಹೆಂಡ್ತಿ ಕಾರಲ್ಲಿ ಕೂತು ಅತ್ಲು. ನೀನು ಹಂಗಂದಿದ್ದಕ್ಕಲ್ಲ. ಹಂಗಂದ್ಮೇಲೂ ನಾನು ನೀರು ಇಟ್ಟು ಬಂದೆ ಅಂತ."

ಮರುದಿನ ಬೆಳಿಗ್ಗೆ ಕಾಜ್ ಕಾಫಿ ಅಂಗಡಿಗೆ ಹೋಗಿ, ಕೂರುವ ಮೊದಲೇ ಹೇಳಿದ. ನಿಂತೇ ಹೇಳಿದ. ಮಾತಿನಮಲ್ಲನಿಗೆ ಅವತ್ತು ನಾಲಗೆ ತೊಡರುತ್ತಿತ್ತು. ಇಂಜಿನ್ ಕಾದದ್ದು ನನ್ನಿಂದ, ಗ್ಯಾಸ್ಕೆಟ್ ತಿರುಗಿಸಿ ಹಾಕಿದ್ದೆ, ಆರ್ಟಿಸ್ ಮಾಡಿದ ಕೆಲಸದಲ್ಲಿ ಕುಂದಿರಲಿಲ್ಲ.

ಆಮೇಲೆ ಡುವೇನ್ ಮುಗುಳ್ನಕ್ಕು ಅವನ ಬೆನ್ನು ತಟ್ಟಿದ. "ದೊಡ್ಡ ಮನಸ್ಸು ಕಣಯ್ಯಾ ನಿಂದು. ಅವನ ಅಂಗಡಿಗೆ ಏಟು ಬಿತ್ತು ಅಂತ ಕೇಳ್ಪಟ್ಟೆ, ಅದಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೊಳ್ತಿದ್ದೀಯ. ಅರ್ಥ ಆಗುತ್ತೆ ಬಿಡು."

"ಹಾಗಲ್ವೋ. ನಿಜ ಹೇಳ್ತಿದ್ದೀನಿ."

"ಹೂಂ ಹೂಂ" ಎಂದು ಡುವೇನ್ ಕಣ್ಣು ಮಿಟುಕಿಸಿದ. "ನೀನು, ಗ್ಯಾಸ್ಕೆಟ್ಟು, ತಿರುಗಿಸಿ ಹಾಕಿದ್ದು! ಹೋಗಿ ನಮ್ಮಜ್ಜಿಗೆ ಹೇಳು, ನನಗೆ ಹೇಳಬೇಡ."

ಸುಳ್ಳನ್ನು ನಂಬಿಸಲು ಒಂದು ತಲೆಯಾಡಿಕೆ ಸಾಕಾಗಿತ್ತು. ನಿಜವನ್ನು ಕೈಮುಗಿದು ಹೇಳಿದರೂ ಕೊಳ್ಳುವವರಿಲ್ಲ. ನಿಜ ಹೇಳಿದ್ದಕ್ಕೆ ಅವನು ಇನ್ನೂ ದೊಡ್ಡವನಾಗಿಬಿಟ್ಟಿದ್ದ, ಆರ್ಟಿಸ್ ಇನ್ನೂ ಚಿಕ್ಕವನು. ಹೊರಗೆ ಹೋಗಿ ಕಾರಿನಿಂದ ಗ್ಯಾಸ್ಕೆಟ್ ತಂದು ತಟ್ಟೆಗಳ ನಡುವೆ ಇಟ್ಟ.

ಸ್ಟಾಶ್ ಕನ್ನಡಕ ಏರಿಸಿಕೊಂಡು ಅದನ್ನು ಎತ್ತಿದ. ಅವನೂ ಸಾಲಿನಲ್ಲಿ ದುಡಿದವನು. ಅಕ್ಷರ ನೋಡಿದ, ತುಕ್ಕಿನ ಕಲೆಗಳ ಮೇಲೆ ಬೆರಳಾಡಿಸಿದ. ಮುಖದ ನಗು ಇಳಿಯಿತು.

"ನಾವು ಚಪ್ಪಾಳೆ ಹೊಡೆದ್ವಲ್ಲ, ಅವತ್ತಿಂದಾ?"

"ಅವತ್ತಿಂದೇ."

"ಎಡಗಡೆ ಹಿಂದಿನ ತೂತು ಪೂರ್ತಿ ಮುಚ್ಚಿದೆ" ಎಂದು ಸ್ಟಾಶ್ ಡುವೇನ್‌ಗೆ ತೋರಿಸಿದ. "ಆ ಮನುಷ್ಯನಿಗೆ ನಾವೆಲ್ಲ ಸೇರಿ ಏನು ಮಾಡಿದ್ವಿ ನೋಡು."

ಡುವೇನ್ ಕೆಂಪಾದ. ಎರಡು ಗುಟುಕು ಕಾಫಿ ಕುಡಿದು, ಏನಾದರೂ ಅನ್ನಲೇಬೇಕೆಂದು, "ಸರಿ ಹಾಗಾದ್ರೆ, ಇನ್ಮೇಲೆ ವಯಾಂಡಾಟ್ ಗ್ಯಾಸ್ಕೆಟ್ ಅನ್ನೋಣ" ಎಂದ. ಕೆಲವರು ನಕ್ಕರು. ಕಾಜ್ ತಲೆ ತಗ್ಗಿಸಿ ಆ ನಗುವನ್ನು ತೆಗೆದುಕೊಂಡ. ಸಿಗಬೇಕಾದದ್ದು ಸಿಕ್ಕಿತು ಅನ್ನಿಸಿತು. ಆದರೆ ಆ ಹೊಸ ಮಾತು ಮೇಜು ದಾಟಿ ಎಲ್ಲೂ ಹೋಗಲಿಲ್ಲ. ಹಳೆಯದು ಹೋಗುತ್ತಲೇ ಇತ್ತು. ಶರತ್ಕಾಲದಲ್ಲಿ ಹಳೆ ಬಿಡಿಭಾಗಗಳ ಸಂತೆಗೆ ಹೋದಾಗ, ಒಹಾಯೊ ಕಡೆಯ ಅಪರಿಚಿತನೊಬ್ಬ ತನ್ನ ಗಿರಾಕಿಗೆ, "ತಗೊಳ್ಳಿ ಸ್ವಾಮಿ, ಎಕೋರ್ಸ್ ರೇಡಿಯೇಟರ್ ಅಲ್ಲ ಇದು" ಎಂದು ಹೇಳಿ ನಗುವುದು ಕಿವಿಗೆ ಬಿತ್ತು. ಕಾಜ್ ಅವನ ಮುಂದೆ ಹೋಗಿ ನಿಂತು, "ಆ ಮಾತು ಹುಟ್ಟಿಸಿದವನು ನಾನು. ಅದು ಸುಳ್ಳು" ಎಂದ. ಆ ಮನುಷ್ಯ ಇವನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪಾ ನೀನು? ಸುಮ್ನೆ ಎಲ್ರೂ ಅನ್ನೋ ಮಾತು ಅದು" ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಕಾಜ್ ತನ್ನ ಕೈಲಾದದ್ದು ಮಾಡಿದ. ಅಲ್ಯೂಮಿನಿಯಮ್ಮಿನದನ್ನು ಕಿತ್ತು ಆರ್ಟಿಸ್ ಮಾಡಿಕೊಟ್ಟ ರೇಡಿಯೇಟರನ್ನೇ ಮತ್ತೆ ಕೂರಿಸಿದ. ಕಾರಿನ ವಿಷಯ ಕೇಳಲು ಬಂದವರಿಗೆ ಮೊದಲು ತನ್ನ ತಪ್ಪಿನ ಕತೆ ಹೇಳುತ್ತಿದ್ದ, ಆಮೇಲೆ ಎಕೋರ್ಸ್‌ನ ದಾರಿ ತೋರಿಸುತ್ತಿದ್ದ. ಕೆಲವರು ಹೋದರು, ಕೆಲವರು ಹೋಗಲಿಲ್ಲ. ಹೋದವರು ಕೆಲಸ ಚೆನ್ನಾಗಿದೆ ಎಂದರು. ಮೇಜಿನಲ್ಲಿ ತಮಾಷೆಯ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಅವನು ಕಾಫಿ ಬಟ್ಟಲನ್ನು ಬಾಯಿಗೆ ಹಿಡಿಯುತ್ತಿದ್ದ. ಗೆಳೆಯರಿಗೆ ಅವನ ಜೊತೆ ಕೂರುವುದು ಮೊದಲಿನಷ್ಟು ಮಜವಾಗಿರಲಿಲ್ಲ.

ಮರುವರ್ಷದ ಜೂನ್‌ನಲ್ಲಿ ಟೊರಿನೊ ಫೋರ್ಟ್ ಸ್ಟ್ರೀಟಿನ ಈ ತುದಿಯಿಂದ ಆ ತುದಿಗೆ ತೆವಳಿತು. ಬಿಸಿಲು ಹೋದ ವರ್ಷದಷ್ಟೇ ಇತ್ತು. ಮುಳ್ಳು ನಡುವಿನಲ್ಲೇ ನಿಂತಿತ್ತು. ಆರ್ಟಿಸ್‌ನ ಹೆಂಡತಿ ರಸ್ತೆಬದಿಯಲ್ಲಿ ಒಬ್ಬಳೇ ಕೂತಿದ್ದಳು. ಅವಳ ಹೆಸರು ಅರ್ನೆಟಾ. ಅಷ್ಟರಲ್ಲಿ ಕಾಜ್ ಅದನ್ನು ತಿಳಿದುಕೊಂಡಿದ್ದ. ಕಾರು ನಿಂತಾಗ ಅವಳು ಎದ್ದುಬಂದು, ಕಿಟಕಿಯೊಳಗೆ ಬಗ್ಗಿ, ಬಿಸಿಯ ಮುಳ್ಳನ್ನು ನೋಡಿದಳು.

"ಆರ್ಟಿಸ್ ಬರ್ಲಿಲ್ವಾ?" ಎಂದ ಕಾಜ್.

"ಅವರಿಗೆ ಆಟ ಇದೆ ಟೀವೀಲಿ." ಅವಳು ಅವನ ಮುಖ ನೋಡದೆ ಹೇಳಿದಳು. "ನೋಡ್ಕೊಂಡು ಬಾ ಅಂದ್ರು."

ಪಕ್ಕದಲ್ಲಿ ಕೂತಿದ್ದ ಬರ್ನಿಸ್ ಈ ಕಡೆ ವಾಲಿ, "ಅರ್ನೆಟಾ, ಮುಂದಿನ ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ, ಇಬ್ರೂ. ಪಿಯೆರೋಗಿ ಮಾಡ್ತೀನಿ, ನಮ್ಮ ಕಡೆಯ ಆಲೂಗಡ್ಡೆ ಕಡುಬು" ಎಂದಳು.

ಅರ್ನೆಟಾ ನೆಟ್ಟಗೆ ನಿಂತು ಹೆಗಲ ಮೇಲಿದ್ದ ಬಿಳಿ ಟವೆಲಿನ ತುದಿಯಿಂದ ಕತ್ತು ಒರೆಸಿಕೊಂಡಳು. ಹಿಂದಿನ ಕಾರಿನವನು ಹಾರ್ನ್ ಒತ್ತಿದ.

"ಈ ವರ್ಷ ಬೇಡ ಬರ್ನಿಸ್" ಎಂದಳು. ಮಾತಿನಲ್ಲಿ ಬಿರುಸಿರಲಿಲ್ಲ. "ನೀವು ಕರೆದ್ರಿ ಅಂತ ಹೇಳ್ತೀನಿ."

ಕಾಜ್ ಗೇರು ಹಾಕಿದ. ಸಾಲು ಮುಂದಕ್ಕೆ ಸರಿಯುತ್ತಿತ್ತು. ರಸ್ತೆಬದಿಯ ಜನ ಹಸಿರು ಕಾರಿಗೆ ಶಿಳ್ಳೆ ಹಾಕಿದರು. ಅವನು ಕೈಯೆತ್ತಲಿಲ್ಲ, ಎರಡೂ ಕೈಗಳಿಂದ ಸ್ಟೀರಿಂಗ್ ಹಿಡಿದು ಮುಂದಿನ ಕಾರಿನ ಹಿಂದೆ ಮೆಲ್ಲಗೆ ಹೋದ.